ಹಳೇ ಕಾರು ನೀರು ಕುಡಿದರೆ

ಕೂಲಂಟ್ ಎಲ್ಲಿ ಸೋರುತ್ತಿದೆ ಎಂದು ಹುಡುಕುವ ಮೊದಲು, ಯಾವಾಗ ಸೋರುತ್ತಿದೆ ಎಂದು ಗಮನಿಸಿ

ಮೈಸೂರಿನಿಂದ ನಂಜನಗೂಡಿನ ಕಡೆ ಹೊರಟರೆ ಮಂಡಕಳ್ಳಿ ವಿಮಾನ ನಿಲ್ದಾಣ ದಾಟಿದ ಮೇಲೆ ಕಡಕೊಳ ಸಿಗುತ್ತದೆ. ಒಂದು ಕಡೆ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ಚಾಮರಾಜನಗರದ ರೈಲು ಹಳಿ, ನಡುವೆ ನಾಲ್ಕು ಪಥದ ರಾಷ್ಟ್ರೀಯ ಹೆದ್ದಾರಿ 766. ಮೈಸೂರಿನಿಂದ ಊಟಿಗೋ ವಯನಾಡಿಗೋ ಹೊರಟ ಕಾರುಗಳಲ್ಲಿ ಬಹುಪಾಲು ಇದೇ ದಾರಿ ಹಿಡಿಯುತ್ತವೆ. ರಸ್ತೆ ಸಮತಟ್ಟು, ಗಾಳಿ ಧಾರಾಳ. ರೇಡಿಯೇಟರ್ ಅರ್ಧ ಖಾಲಿಯಾಗಿದ್ದ ಕಾರೂ ಇಲ್ಲಿ ತಕರಾರಿಲ್ಲದೆ ಓಡುತ್ತದೆ. ತಕರಾರು ಶುರುವಾಗುವುದು ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಕಳೆದು, ಮಸಿನಗುಡಿಯ ಮೇಲಿನ ಕಲ್ಹಟ್ಟಿ ಘಾಟಿಯಲ್ಲಿ. ಅಲ್ಲಿನ 36 ಹೇರ್‌ಪಿನ್ ತಿರುವುಗಳನ್ನು ಕಾರು ಮೊದಲನೇ ಗೇರಿನಲ್ಲಿ, ಎರಡನೇ ಗೇರಿನಲ್ಲಿ ಹತ್ತಬೇಕು. ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಕಾರು ಮಾತ್ರ ನಿಧಾನ. ರೇಡಿಯೇಟರಿಗೆ ಬಡಿಯುವ ಗಾಳಿ ಸಾಲದು. ಆಗ ಟೆಂಪರೇಚರ್ ಮುಳ್ಳು ಮೇಲೇಳುತ್ತದೆ.

ಕಾಡಿನಲ್ಲಿ ಗಾಡಿ ನಿಲ್ಲಿಸುವಂತಿಲ್ಲ. 2009ರಿಂದ ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೂ ನಿಷೇಧವಿದೆ. ಹಾಗಾಗಿ ಕೂಲಂಟ್ ಲೀಕಿನ ಪತ್ತೆ ಮೈಸೂರಿನಲ್ಲೋ ಕಡಕೊಳದಲ್ಲೋ ಮುಗಿದಿರಬೇಕು. ಇದಕ್ಕೆ ದೊಡ್ಡ ಗ್ಯಾರೇಜೂ ಬೇಕಿಲ್ಲ, ದುಬಾರಿ ಉಪಕರಣವೂ ಬೇಕಿಲ್ಲ. ಮುಕ್ಕಾಲು ಪಾಲು ಕೆಲಸ ಕಾರಿನ ಮಾಲೀಕರೇ ಮನೆ ಮುಂದೆ ಮಾಡುವಂಥದ್ದು.

ಬಿಸಿ ಎಲ್ಲಿಗೆ ಹೋಗುತ್ತದೆ

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಬೈಕುಗಳಿಗೆ ಗಾಳಿಯೇ ಸಾಕಾಗಿತ್ತು. ಸಿಲಿಂಡರಿನ ಸುತ್ತಲಿನ ರೆಕ್ಕೆಗಳು ಬಿಸಿಯನ್ನು ನೇರವಾಗಿ ಗಾಳಿಗೆ ಬಿಡುತ್ತಿದ್ದವು. ಬಾನೆಟ್ಟಿನೊಳಗೆ ಮುಚ್ಚಿಟ್ಟ ಕಾರಿನ ಎಂಜಿನ್ನಿಗೆ ಅಷ್ಟು ಸಾಲದು. ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಸೈಲೆನ್ಸರಿನಿಂದ ಹೊಗೆಯ ಜೊತೆ ಹೋಗುತ್ತದೆ. ಅಷ್ಟೇ ಇನ್ನೊಂದು ಪಾಲನ್ನು ಕೂಲಂಟ್ ಹೊತ್ತು ಹೊರಹಾಕಬೇಕು.

ವಾಟರ್ ಪಂಪ್ ಕೂಲಂಟನ್ನು ಎಂಜಿನ್ ಬ್ಲಾಕ್ ಮತ್ತು ಹೆಡ್ಡಿನೊಳಗಿನ ದಾರಿಗಳಲ್ಲಿ ತಳ್ಳುತ್ತದೆ. ಎಂಜಿನ್ ತಣ್ಣಗಿರುವಷ್ಟು ಹೊತ್ತು ಥರ್ಮೋಸ್ಟ್ಯಾಟ್ ಮುಚ್ಚಿಕೊಂಡಿರುತ್ತದೆ, ಕೂಲಂಟ್ ಎಂಜಿನ್ನಿನೊಳಗೇ ಸುತ್ತುತ್ತದೆ. ಬಿಸಿ 82 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ (ಕಾರಿಂದ ಕಾರಿಗೆ ಇದು ಸ್ವಲ್ಪ ಬದಲಾಗುತ್ತದೆ) ಥರ್ಮೋಸ್ಟ್ಯಾಟ್ ತೆರೆದು, ಮೇಲಿನ ಹೋಸ್ ಪೈಪಿನಿಂದ ಬಿಸಿ ಕೂಲಂಟ್ ರೇಡಿಯೇಟರಿಗೆ ಹೋಗಿ, ಕೆಳಗಿನ ಪೈಪಿನಿಂದ ತಣ್ಣಗಾಗಿ ವಾಪಸು ಬರುತ್ತದೆ. ಗಾಳಿ ಸಾಲದಿದ್ದಾಗ ಫ್ಯಾನ್ ತಿರುಗುತ್ತದೆ.

ಇಷ್ಟರಲ್ಲಿ ಜನ ಮರೆಯುವ ಭಾಗ ರೇಡಿಯೇಟರ್ ಕ್ಯಾಪ್. ಅದನ್ನು ಬರೀ ಮುಚ್ಚಳ ಎಂದುಕೊಳ್ಳುವವರೇ ಹೆಚ್ಚು. ಅದರ ಕೆಲಸ ಪ್ರೆಶರ್ ಕುಕ್ಕರಿನ ವೆಯ್ಟಿನದು. ಒಳಗಿನ ಒತ್ತಡವನ್ನು ಒಂದು ಮಟ್ಟದವರೆಗೆ ಹಿಡಿದಿಡುತ್ತದೆ, ಅದಕ್ಕೂ ಮೀರಿದರೆ ಹೊರಬಿಡುತ್ತದೆ. ಸಣ್ಣ ಕಾರುಗಳ ಕ್ಯಾಪಿನ ಮೇಲೆ ಸಾಮಾನ್ಯವಾಗಿ 0.9 ಎಂದು ಬರೆದಿರುತ್ತದೆ. ಚದರ ಸೆಂಟಿಮೀಟರಿಗೆ 0.9 ಕಿಲೋ ಒತ್ತಡ ಎಂದರ್ಥ. ಈ ಸಂಖ್ಯೆಯ ಬೆಲೆ ತಿಳಿಯುವುದು ಎತ್ತರಕ್ಕೆ ಹೋದಾಗ. ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದ ಮೈಸೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೆ ಕುದಿಯುತ್ತದೆ. 2,240 ಮೀಟರ್ ಎತ್ತರದ ಊಟಿಯಲ್ಲಿ 92-93ಕ್ಕೇ ಕುದಿಯುತ್ತದೆ. ಕ್ಯಾಪ್ ಸರಿಯಾಗಿದ್ದರೆ ಅದೇ ಊಟಿಯಲ್ಲಿ ರೇಡಿಯೇಟರಿನ ನೀರು 115ರ ಆಸುಪಾಸಿನವರೆಗೂ ಕುದಿಯದೆ ಇರುತ್ತದೆ. ಕೂಲಂಟ್ ಬೆರೆತಿದ್ದರೆ ಇನ್ನೂ ಕೆಲವು ಡಿಗ್ರಿ ಹೆಚ್ಚು. ಕ್ಯಾಪಿನ ರಬ್ಬರ್ ಹೋಗಿದ್ದರೆ, ಫ್ಯಾನ್ ಶುರುವಾಗುವ ಹೊತ್ತಿಗೇ ಕುದಿತವೂ ಶುರುವಾಗಬಹುದು. ಕಡಕೊಳದಲ್ಲಿ ಸುಮ್ಮನಿದ್ದ ಕಾರು ಘಾಟಿಯಲ್ಲಿ ಹಬೆ ಬಿಡುವುದಕ್ಕೆ ಇದೂ ಒಂದು ಕಾರಣ.

ನಿಜಕ್ಕೂ ಕಮ್ಮಿಯಾಗುತ್ತಿದೆಯೇ?

‘ಗಾಡಿ ಹೀಟ್ ಆಗ್ತಿದೆ’ ಮತ್ತು ‘ಗಾಡಿ ನೀರು ಕುಡೀತಿದೆ’ ಎರಡೂ ಬೇರೆ ಬೇರೆ ದೂರುಗಳು. ಟ್ರಾಫಿಕ್ಕಿನಲ್ಲಿ ನಿಂತಾಗ ಮಾತ್ರ ಮುಳ್ಳು ಏರಿ, ಹೆದ್ದಾರಿಯಲ್ಲಿ ಇಳಿಯುತ್ತಿದ್ದರೆ ಅನುಮಾನ ಫ್ಯಾನಿನ ಮೇಲೆ: ಎಲೆಕ್ಟ್ರಿಕ್ ಫ್ಯಾನ್ ಆದರೆ ಮೋಟರ್, ಫ್ಯೂಸ್, ರಿಲೇ, ಸ್ವಿಚ್, ಅಂಬಾಸಿಡರಿನಂತೆ ಬೆಲ್ಟಿನಿಂದ ತಿರುಗುವ ಫ್ಯಾನ್ ಆದರೆ ಸಡಿಲ ಬೆಲ್ಟ್. ಹೆದ್ದಾರಿಯಲ್ಲಿ, ಏರಿನಲ್ಲಿ ಬಿಸಿಯಾಗುತ್ತಿದ್ದರೆ ಕಟ್ಟಿಕೊಂಡ ರೇಡಿಯೇಟರ್, ಸರಿಯಾಗಿ ತೆರೆಯದ ಥರ್ಮೋಸ್ಟ್ಯಾಟ್ ಅಥವಾ ಕಮ್ಮಿಯಾದ ಕೂಲಂಟ್. ಕೊನೆಯದು ಮಾತ್ರ ಲೀಕಿನ ಕಥೆ.

ಕಮ್ಮಿಯಾಗುತ್ತಿದೆಯೇ ಎಂದು ತಿಳಿಯಲು ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಕ್ಯಾಪ್ ತೆಗೆದು ನೋಡಬೇಕು. ಬಿಸಿ ಎಂಜಿನ್ನಿನ ಕ್ಯಾಪ್ ಯಾವ ಕಾರಣಕ್ಕೂ ತೆಗೆಯಬಾರದು. ಒತ್ತಡ ತಪ್ಪಿದೊಡನೆ ಒಳಗಿನ ನೀರೆಲ್ಲ ಒಟ್ಟಿಗೆ ಕುದಿದು ಚಿಮ್ಮುತ್ತದೆ, ಮುಖ ಕೈ ಬೇಯುತ್ತದೆ. ಮೇಲಿನ ಹೋಸನ್ನು ಆರಾಮಾಗಿ ಹಿಡಿದುಕೊಳ್ಳುವಷ್ಟು ತಣ್ಣಗಾಗಿರಬೇಕು, ಹಿಸುಕಿದರೆ ಮೆತ್ತಗಿರಬೇಕು. ಎಲೆಕ್ಟ್ರಿಕ್ ಫ್ಯಾನ್ ಇರುವ ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಾನಾಗಿ ತಿರುಗಬಹುದು. ಅದರ ಹತ್ತಿರ ಕೈ ಹಾಕುವ ಮುನ್ನ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡಿ.

ರೇಡಿಯೇಟರಿನ ಕತ್ತಿನವರೆಗೆ ತುಂಬಿ, ರಿಸರ್ವ್ ಬಾಟಲಿನ ಮಟ್ಟಕ್ಕೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆಯಿರಿ. ಮುಂದಿನ ದಿನಗಳಲ್ಲಿ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ನೋಡಿ. ಸರ್ವೀಸ್ ಆದ ಹೊಸದರಲ್ಲಿ ಒಳಗೆ ಸಿಕ್ಕಿಕೊಂಡ ಗಾಳಿ ಹೊರಬಂದು ಮಟ್ಟ ಸ್ವಲ್ಪ ಇಳಿಯುವುದು ಸಹಜ. ಆಮೇಲೂ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಮುಚ್ಚಿದ ವ್ಯವಸ್ಥೆಯಲ್ಲಿ ಕೂಲಂಟ್ ತಾನಾಗಿ ಖರ್ಚಾಗುವುದಿಲ್ಲ. ಮಾರುತಿ 800ರಂಥ ಕಾರಿನ ಇಡೀ ವ್ಯವಸ್ಥೆಯಲ್ಲಿ ಇರುವುದೇ ನಾಲ್ಕು ಲೀಟರ್ ಆಸುಪಾಸು. ಅದರಲ್ಲಿ ಅರ್ಧ ಲೀಟರ್ ಹೋದರೂ ದೊಡ್ಡ ನಷ್ಟ.

ಬಾಟಲ್ ಒಂದನ್ನೇ ನೋಡಿ ನಂಬಬೇಡಿ. ಹಳೇ ಕಾರುಗಳಲ್ಲಿ ಎಂಜಿನ್ ಬಿಸಿಯಾದಾಗ ಹಿಗ್ಗಿದ ಕೂಲಂಟ್ ಬಾಟಲಿಗೆ ಹೋಗುತ್ತದೆ, ತಣ್ಣಗಾದಾಗ ಕ್ಯಾಪಿನ ನಡುವಿನ ಚಿಕ್ಕ ವಾಲ್ವ್ ಮೂಲಕ ವಾಪಸು ಎಳೆದುಕೊಳ್ಳುತ್ತದೆ. ಆ ವಾಲ್ವ್ ಅಂಟಿಕೊಂಡಿದ್ದರೆ ಬಾಟಲ್ ತುಂಬಿಯೇ ಇರುತ್ತದೆ, ರೇಡಿಯೇಟರ್ ಖಾಲಿಯಾಗುತ್ತಾ ಹೋಗುತ್ತದೆ. ಬೆಳಿಗ್ಗೆ ಮೇಲಿನ ಹೋಸ್ ಒಳಕ್ಕೆ ಕುಗ್ಗಿ ಚಪ್ಪಟೆಯಾಗಿದ್ದರೆ ಅದೇ ಗುರುತು.

ಕಾರಿನಡಿ ಒದ್ದೆಯಾಗಿದ್ದರೆ ಅದು ಕೂಲಂಟೇ ಎಂದು ಗಾಬರಿಯಾಗಬೇಕಿಲ್ಲ. ಎಸಿ ಹಾಕಿದ ಕಾರಿನಲ್ಲಿ ಎಡಗಡೆ ಕೂರುವವರ ಕಾಲ ಕೆಳಗಿನ ಭಾಗದಲ್ಲಿ ಶುದ್ಧ ನೀರು ತೊಟ್ಟಿಕ್ಕುವುದು ಸಹಜ. ಕೂಲಂಟ್ ಆದರೆ ಹಸಿರೋ ಗುಲಾಬಿಯೋ ಬಣ್ಣವಿರುತ್ತದೆ, ಬೆರಳಿಗೆ ಜಿಗುಟು, ವಾಸನೆ ಸಿಹಿ. ನಾಲಿಗೆಗೆ ಮಾತ್ರ ತಾಗಿಸಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಸಿಹಿ ರುಚಿಗೆ ಮರುಳಾಗಿ ನೆಕ್ಕಿದ ನಾಯಿ, ಬೆಕ್ಕುಗಳ ಮೂತ್ರಪಿಂಡ ಹಾಳಾಗುತ್ತದೆ. ನೆಲಕ್ಕೆ ಬಿದ್ದದ್ದನ್ನು ಒರೆಸಿ, ನೀರು ಸುರಿದು ತೊಳೆಯಿರಿ.

ನಾಲ್ಕು ಹೊತ್ತು, ನಾಲ್ಕು ಗುಮಾನಿ

ಲೀಕ್ ಹುಡುಕುವವರು ಸಾಮಾನ್ಯವಾಗಿ ಒದ್ದೆ ಜಾಗ ಹುಡುಕುತ್ತಾರೆ. ಒದ್ದೆ ಜಾಗ ದಾರಿ ತಪ್ಪಿಸುತ್ತದೆ. ಮೇಲೆ ಸೋರಿದ್ದು ಕೆಳಗೆ ಹರಿಯುತ್ತದೆ, ಮುಂದೆ ಸೋರಿದ್ದನ್ನು ಫ್ಯಾನಿನ ಗಾಳಿ ಹಿಂದಕ್ಕೆ ಎರಚುತ್ತದೆ. ಹೊತ್ತು ಹಾಗೆ ದಾರಿ ತಪ್ಪಿಸುವುದು ಕಮ್ಮಿ.

ಮೊದಲನೆಯದು, ರಾತ್ರಿ ತಣ್ಣಗೆ ನಿಂತಾಗ ಸೋರುವುದು. ರಬ್ಬರ್ ಹೋಸೂ ಅದು ಕೂತಿರುವ ಲೋಹದ ಮೂತಿಯೂ ಚಳಿಗೆ ಒಂದೇ ಸಮ ಕುಗ್ಗುವುದಿಲ್ಲ. ಕ್ಲಿಪ್ ಸಡಿಲವಿದ್ದರೆ ಬೆಳಗಿನ ಜಾವ ನಾಲ್ಕು ಹನಿ ಬೀಳುತ್ತದೆ, ಎಂಜಿನ್ ಬಿಸಿಯಾಗಿ ರಬ್ಬರ್ ಹಿಗ್ಗಿದ ಮೇಲೆ ನಿಲ್ಲುತ್ತದೆ. ಗ್ಯಾರೇಜಿಗೆ ಹೋಗುವಷ್ಟರಲ್ಲಿ ಎಲ್ಲ ಒಣಗಿ, ಮೆಕ್ಯಾನಿಕ್ ‘ಏನೂ ಇಲ್ವಲ್ಲ ಸಾರ್’ ಎನ್ನುತ್ತಾರೆ. ವಾಟರ್ ಪಂಪಿನ ಹಳೇ ಸೀಲೂ ಹೀಗೆ ತಣ್ಣಗಿದ್ದಾಗ ತೊಟ್ಟಿಕ್ಕುವುದುಂಟು. ಇಂಥ ಕಾರನ್ನು ರಾತ್ರಿಯೇ ಗ್ಯಾರೇಜಿನಲ್ಲಿ ಬಿಟ್ಟು, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ನೋಡಿಸಬೇಕು.

ಎರಡನೆಯದು, ಬಿಸಿಯಾಗಿ ಓಡುವಾಗ ಸೋರುವುದು. ಒತ್ತಡ ಏರಿದಾಗ ಮಾತ್ರ ಬಾಯಿ ಬಿಡುವ ಬಿರುಕುಗಳು ಇವು: ರೇಡಿಯೇಟರಿನ ಸಣ್ಣ ತೂತು, ಟ್ಯಾಂಕ್ ಮತ್ತು ಕೋರ್ ಸೇರುವ ಜಾಗ, ಸೀಳಿದ ಹೋಸ್. ನಿಂತ ಕಾರಿನಡಿ ಒಂದು ಹನಿಯೂ ಇರುವುದಿಲ್ಲ, ನಂಜನಗೂಡಿಗೆ ಹೋಗಿ ಬಂದರೆ ಮಟ್ಟ ಇಳಿದಿರುತ್ತದೆ.

ಮೂರನೆಯದು, ಓಡಿ ಬಂದು ನಿಲ್ಲಿಸಿದ ಕೂಡಲೇ ಸೋರುವುದು. ಎಂಜಿನ್ ಆಫ್ ಮಾಡಿದಾಗ ಪಂಪ್ ನಿಲ್ಲುತ್ತದೆ, ಲೋಹದ ಬಿಸಿ ಮಾತ್ರ ನಿಲ್ಲುವುದಿಲ್ಲ. ಕೆಲವು ನಿಮಿಷ ಒಳಗಿನ ಬಿಸಿಯೂ ಒತ್ತಡವೂ ಇನ್ನಷ್ಟು ಏರುತ್ತವೆ. ಆಗ ಬಾಟಲ್ ಉಕ್ಕಿ ಚೆಲ್ಲಿದರೆ ಮೊದಲ ಗುಮಾನಿ ಕ್ಯಾಪಿನ ಮೇಲೆ. ಹೊಸ ಕ್ಯಾಪ್ ಹಾಕಿದ ಮೇಲೂ ಹಾಗೇ ಆದರೆ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು.

ನಾಲ್ಕನೆಯದು, ಯಾವ ಹೊತ್ತಿನಲ್ಲೂ ಹನಿ ಕಾಣದೆ ಮಟ್ಟ ಇಳಿಯುವುದು. ಕೂಲಂಟ್ ಒಂದೋ ಸಿಲಿಂಡರಿಗೆ ಇಳಿದು ಹಬೆಯಾಗಿ ಸೈಲೆನ್ಸರಿನಿಂದ ಹೋಗುತ್ತಿದೆ, ಇಲ್ಲವೇ ಕಾರಿನೊಳಗೆ ಹೀಟರ್ ಕೋರಿನಿಂದ ಕಾರ್ಪೆಟ್ ಸೇರುತ್ತಿದೆ, ಅಥವಾ ಬಿಸಿ ಬ್ಲಾಕಿನ ಮೇಲೆ ಬಿದ್ದ ಗಳಿಗೆಯಲ್ಲೇ ಆರಿ ಹೋಗುತ್ತಿದೆ.

ಎರಡು ದಿನ ರಾತ್ರಿ ಕಾರಿನಡಿ ಅಗಲವಾದ ರಟ್ಟು ಹಾಸಿ, ಚಕ್ರಗಳ ಜಾಗ ಪೆನ್ನಿನಲ್ಲಿ ಗುರುತಿಸಿ. ಹನಿ ಬಿದ್ದ ಜಾಗದಿಂದ ನೇರ ಮೇಲಕ್ಕೆ, ಆಮೇಲೆ ಮುಂದಕ್ಕೆ ಟಾರ್ಚ್ ಬಿಟ್ಟು ನೋಡುತ್ತಾ ಹೋಗಿ. ಹಸಿ ಕಲೆಗಿಂತ ಒಣಗಿದ ಕಲೆ ಹೆಚ್ಚು ಹೇಳುತ್ತದೆ. ಕೂಲಂಟ್ ಆರಿದಲ್ಲಿ ಬಿಳಿ ಇಲ್ಲವೇ ಹಸಿರು ಪುಡಿ ಕಟ್ಟಿಕೊಂಡಿರುತ್ತದೆ; ಬರೀ ನೀರು ಹಾಕಿದ ಕಾರಿನಲ್ಲಿ ತುಕ್ಕಿನ ಕಂದು ಗೆರೆ ಇರುತ್ತದೆ. ಆ ಗೆರೆ ಎಲ್ಲಿ ಶುರುವಾಗಿದೆಯೋ ಲೀಕ್ ಅಲ್ಲಿದೆ.

ಎಂಜಿನ್ ಓಡಿಸದೇ ಒತ್ತಡ

ರಟ್ಟಿನಲ್ಲಿ ಸಿಗದಿದ್ದರೆ ಪ್ರೆಶರ್ ಟೆಸ್ಟ್. ಕ್ಯಾಪಿನ ಜಾಗಕ್ಕೆ ಕೂರುವ ಒಂದು ಕೈ ಪಂಪು, ಅದಕ್ಕೊಂದು ಗೇಜು. ತಣ್ಣಗಿರುವ ಎಂಜಿನ್ನಿಗೆ ಪಂಪ್ ಹೊಡೆದು, ಕ್ಯಾಪಿನ ಮೇಲೆ ಬರೆದಿರುವಷ್ಟೇ ಒತ್ತಡ ಏರಿಸಿ ಹತ್ತು ಹದಿನೈದು ನಿಮಿಷ ಬಿಡಬೇಕು. ಮುಳ್ಳು ನಿಂತಲ್ಲೇ ನಿಂತರೆ ಹೊರಗಿನ ಲೀಕ್ ಇರುವ ಸಾಧ್ಯತೆ ಕಮ್ಮಿ. ಇಳಿಯುತ್ತಿದ್ದರೆ ಎಲ್ಲೋ ಹನಿ ಬೀಳುತ್ತಿರುತ್ತದೆ. ಬಿಸಿಯ ಭಯವಿಲ್ಲದೆ, ತಿರುಗುವ ಬೆಲ್ಟಿನ ಭಯವಿಲ್ಲದೆ ಕೈಯಾಡಿಸಿ ಹುಡುಕಬಹುದು. ಮುಳ್ಳು ಇಳಿಯುತ್ತಿದೆ, ಹನಿ ಎಲ್ಲೂ ಇಲ್ಲ ಎಂದಾದರೆ ಸೋರಿಕೆ ಒಳಗಡೆ. ಕ್ಯಾಪಿನಲ್ಲಿರುವುದಕ್ಕಿಂತ ಹೆಚ್ಚು ಒತ್ತಡ ಮಾತ್ರ ಹಾಕಿಸಬೇಡಿ. ಗಟ್ಟಿಯಿದ್ದ ಹಳೇ ರೇಡಿಯೇಟರೂ ಒಡೆಯುತ್ತದೆ.

ಅದೇ ಪಂಪಿಗೆ ಅಡಾಪ್ಟರ್ ಹಾಕಿ ಕ್ಯಾಪನ್ನೂ ಪರೀಕ್ಷಿಸಬಹುದು. ಅಡಾಪ್ಟರ್ ಇಲ್ಲದಿದ್ದರೆ ಅದೇ ಅಂಕಿಯ ಹೊಸ ಕ್ಯಾಪ್ ಹಾಕಿ ನೋಡುವುದೇ ಸುಲಭ. ಇಡೀ ವ್ಯವಸ್ಥೆಯ ಅಗ್ಗದ ಭಾಗಗಳಲ್ಲಿ ಅದೂ ಒಂದು. ‘ಇನ್ನೂ ತಡೆಯಲಿ’ ಎಂದು ಹೆಚ್ಚಿನ ಅಂಕಿಯ ಕ್ಯಾಪ್ ಹಾಕಿದರೆ ಹಳೇ ಹೋಸುಗಳ ಮೇಲೆ ಭಾರ ಬೀಳುತ್ತದೆ.

ಒಂದೊಂದೇ ಭಾಗ

ಹೋಸುಗಳನ್ನು ತಣ್ಣಗಿದ್ದಾಗ ಹಿಸುಕಿ ನೋಡಿ. ಗಟ್ಟಿಯಾಗಿ ಚಟಚಟ ಎಂದರೆ ರಬ್ಬರ್ ಒಣಗಿದೆ. ತುಂಬಾ ಮೆತ್ತಗಾಗಿ ಉಬ್ಬಿದ್ದರೆ ಒಳಪದರ ಹೋಗಿದೆ. ಬಿರುಕು ಬಿಡುವುದು ಹೆಚ್ಚಾಗಿ ಕ್ಲಿಪ್ಪಿನ ಅಂಚಿನಲ್ಲಿ. ಮೇಲೆ ಕೆಳಗೆ ಕಾಣುವ ಎರಡು ದೊಡ್ಡ ಪೈಪುಗಳನ್ನು ಎಲ್ಲರೂ ಬದಲಾಯಿಸುತ್ತಾರೆ. ಥರ್ಮೋಸ್ಟ್ಯಾಟ್ ಪಕ್ಕದ ಗೇಣುದ್ದದ ಬೈಪಾಸ್ ಪೈಪು, ಹೀಟರಿಗೆ ಹೋಗುವ ಎರಡು ಪೈಪುಗಳು ಮಾತ್ರ ಕಾರು ಕೊಂಡಾಗಿನವೇ ಇರುತ್ತವೆ. ಹೋಸ್ ಬದಲಿಸುವಾಗ ಲೋಹದ ಮೂತಿಯ ತುಕ್ಕನ್ನು ಉಜ್ಜಿ ತೆಗೆಯದಿದ್ದರೆ ಹೊಸ ಹೋಸೂ ಸೋರುತ್ತದೆ.

ರೇಡಿಯೇಟರಿನಲ್ಲಿ ಎರಡು ಜಾತಿ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದ್ದು ತಾಮ್ರ-ಹಿತ್ತಾಳೆಯದು. ರೇಡಿಯೇಟರ್ ಅಂಗಡಿಯಲ್ಲಿ ಟ್ಯಾಂಕ್ ಬಿಚ್ಚಿ, ಕೊಳವೆಗಳಲ್ಲಿ ಕಡ್ಡಿ ಆಡಿಸಿ ಕೆಸರು ತೆಗೆದು, ತೂತಿಗೆ ಬೆಸುಗೆ ಹಾಕಿ ಕೊಟ್ಟರೆ ಮತ್ತೆ ವರ್ಷಗಟ್ಟಲೆ ಬಾಳುತ್ತದೆ. ಆಮೇಲೆ ಬಂದ ಕಾರುಗಳದ್ದು ಅಲ್ಯೂಮಿನಿಯಂ ಕೋರ್, ಪ್ಲಾಸ್ಟಿಕ್ ಟ್ಯಾಂಕ್, ನಡುವೆ ರಬ್ಬರ್ ಪಟ್ಟಿ. ಬಿಸಿಗೆ ಪ್ಲಾಸ್ಟಿಕ್ ವರ್ಷದಿಂದ ವರ್ಷಕ್ಕೆ ಪೆಡಸಾಗಿ, ಕೋರಿಗೆ ಸೇರುವ ಅಂಚಿನಲ್ಲೋ ಹೋಸ್ ಕೂರುವ ಮೂತಿಯಲ್ಲೋ ಬಿರುಕು ಬಿಡುತ್ತದೆ. ಇದಕ್ಕೆ ಎಂ-ಸೀಲ್ ಮೆತ್ತಿದರೆ ಮನೆ ಸೇರುವವರೆಗಿನ ಉಪಾಯವಷ್ಟೇ, ಹೊಸ ರೇಡಿಯೇಟರ್ ಹಾಕಿಸುವುದೇ ಸರಿ.

ವಾಟರ್ ಪಂಪಿನ ಕೆಳಗೊಂದು ಚಿಕ್ಕ ತೂತಿರುತ್ತದೆ. ಅದು ತಯಾರಕರೇ ಬಿಟ್ಟದ್ದು. ಒಳಗಿನ ಸೀಲ್ ಸವೆದಾಗ ಕೂಲಂಟ್ ಬೇರಿಂಗಿಗೆ ನುಗ್ಗದೆ ಆ ತೂತಿನಿಂದ ಹೊರಬರಲಿ ಎಂದು. ಅಲ್ಲಿ ಒಣಗಿದ ಗೆರೆ ಕಂಡರೆ, ಪುಲ್ಲಿ ಹಿಡಿದು ಅಲ್ಲಾಡಿಸಿದಾಗ ಆಟ ಕೊಟ್ಟರೆ, ಓಡುವಾಗ ಕಿರುಗುಟ್ಟಿದರೆ ಪಂಪಿನ ಆಯಸ್ಸು ಮುಗಿದಿದೆ. ಆ ತೂತನ್ನು ಮುಚ್ಚಿ ಲೀಕ್ ನಿಲ್ಲಿಸುವವರಿದ್ದಾರೆ. ಹಾಗೆ ಮಾಡಿದರೆ ಬೇರಿಂಗ್ ಕಚ್ಚಿಕೊಂಡು ಬೆಲ್ಟ್ ಹರಿಯುತ್ತದೆ. ಟೈಮಿಂಗ್ ಬೆಲ್ಟಿನ ಹಿಂದೆ ಪಂಪ್ ಇರುವ ಕಾರುಗಳಲ್ಲಿ ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಕೂಲಿ ಒಂದೇ ಸಲ.

ಬ್ಲಾಕಿನ ಪಕ್ಕದಲ್ಲಿ ಒತ್ತಿ ಕೂರಿಸಿದ ದುಂಡನೆಯ ತಗಡಿನ ಬಿರಡೆಗಳಿರುತ್ತವೆ, ವೆಲ್ಶ್ ಪ್ಲಗ್ ಎನ್ನುತ್ತಾರೆ. ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿದ ಕಾರುಗಳಲ್ಲಿ ಇವು ಒಳಗಿನಿಂದ ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತಾಗುತ್ತವೆ. ಕೆಲವು ಸೈಲೆನ್ಸರ್ ಪೈಪಿನ ಹಿಂದೆ, ಕೆಲವು ಗೇರ್‌ಬಾಕ್ಸಿನ ಮರೆಯಲ್ಲಿ ಇರುವುದರಿಂದ ಕೊನೆಗೆ ಸಿಗುವುದು ಇವೇ.

ನಮ್ಮ ಊರುಗಳಲ್ಲಿ ಹೀಟರ್ ಯಾರೂ ಹಾಕುವುದಿಲ್ಲ, ಅದಕ್ಕೇ ಹೀಟರ್ ಕೋರ್ ನೆನಪಾಗುವುದಿಲ್ಲ. ಡ್ಯಾಶ್‌ಬೋರ್ಡಿನೊಳಗೆ ಇದೂ ಒಂದು ಪುಟ್ಟ ರೇಡಿಯೇಟರ್. ಎಡಗಡೆಯ ಕಾರ್ಪೆಟ್ ಅಂಟಂಟಾಗಿದ್ದರೆ, ಬ್ಲೋವರ್ ಹಾಕಿದಾಗ ಗಾಜಿನ ಮೇಲೆ ಜಿಡ್ಡು ಮಂಜು ಕೂತು ಸಿಹಿ ವಾಸನೆ ಬಂದರೆ ಗುಮಾನಿ ಇದರ ಮೇಲೆ.

ಕೊನೆಯದು ಎಲ್ಲರೂ ಹೆದರುವ ಹೆಡ್ ಗ್ಯಾಸ್ಕೆಟ್. ಅಲ್ಯೂಮಿನಿಯಂ ಹೆಡ್ ಒಮ್ಮೆ ಚೆನ್ನಾಗಿ ಹೀಟ್ ಆದರೆ ಕೂದಲೆಳೆಯಷ್ಟು ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹಿಡಿತ ಬಿಡುತ್ತದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತಾದರೆ, ತಣ್ಣಗಿದ್ದಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ ನೋಡಿದಾಗ ಗುಳ್ಳೆ ನಿಲ್ಲದೆ ಬರುತ್ತಿದ್ದರೆ, ಬಿಸಿಯಾದ ಮೇಲೂ ಸೈಲೆನ್ಸರ್ ಬಿಳಿ ಹೊಗೆ ಬಿಡುತ್ತಿದ್ದರೆ ಅನುಮಾನ ಬಲವಾಗುತ್ತದೆ. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು ಸಾಲಾಗಿಡಿ. ಉಳಿದವು ಕಂದಾಗಿದ್ದು ಒಂದು ಮಾತ್ರ ಹಬೆಯಲ್ಲಿ ತೊಳೆದ ಹಾಗೆ ಬೆಳ್ಳಗಿದ್ದರೆ ನೀರು ಇಳಿಯುತ್ತಿರುವುದು ಆ ಸಿಲಿಂಡರಿಗೆ. ಖಚಿತ ಮಾಡಿಕೊಳ್ಳಲು ಒಂದು ರಾಸಾಯನಿಕ ಪರೀಕ್ಷೆಯಿದೆ. ರೇಡಿಯೇಟರ್ ಕತ್ತಿನ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುತ್ತಾರೆ. ಸಿಲಿಂಡರಿನ ಹೊಗೆ ಸೇರಿದ್ದರೆ ನೀಲಿ ಹಳದಿಯಾಗುತ್ತದೆ. ಎಣ್ಣೆ ಹಾಕುವ ಮುಚ್ಚಳದಡಿ ಬೆಣ್ಣೆಯಂಥ ಲೇಪ ಕಂಡ ಮಾತ್ರಕ್ಕೆ ತೀರ್ಪು ಕೊಡಬೇಡಿ. ಚಳಿಗಾಲದಲ್ಲಿ ಬರೀ ಒಂದೆರಡು ಕಿಲೋಮೀಟರ್ ಓಡುವ ಕಾರಿನಲ್ಲೂ ತೇವ ಕಟ್ಟಿ ಹಾಗಾಗುತ್ತದೆ. ಡಿಪ್‌ಸ್ಟಿಕ್ಕಿನ ಎಣ್ಣೆಯೇ ಹಾಲು ಬೆರೆಸಿದ ಹಾಗಾಗಿದ್ದರೆ ಎಂಜಿನ್ ಸ್ಟಾರ್ಟ್ ಮಾಡಲೇಬಾರದು. ಹೆಡ್ ಬಿಚ್ಚಿದರೆ ಲೇತ್ ಅಂಗಡಿಯಲ್ಲಿ ಮಟ್ಟ ನೋಡಿಸಿ, ಬೇಕಿದ್ದರೆ ಫೇಸಿಂಗ್ ಮಾಡಿಸಿ; ಬರೀ ಗ್ಯಾಸ್ಕೆಟ್ ಬದಲಿಸಿದರೆ ಕೆಲವೇ ತಿಂಗಳಲ್ಲಿ ಮತ್ತೆ ಬಿಚ್ಚಬೇಕಾದೀತು.

ಅರಿಶಿನ, ನೀರು, ಕೂಲಂಟ್

ಚಾಮರಾಜನಗರ, ಗುಂಡ್ಲುಪೇಟೆ ಸೀಮೆ ಅರಿಶಿನ ಬೆಳೆಯುವ ನಾಡು. ರೇಡಿಯೇಟರ್ ಸೋರಿದರೆ ಒಂದೆರಡು ಚಮಚ ಅರಿಶಿನ ಪುಡಿ ಹಾಕುವುದು ಲಾರಿ ಚಾಲಕರ ಹಳೇ ಮದ್ದು. ಸುಳ್ಳಲ್ಲ. ಪುಡಿ ನೀರಿನ ಜೊತೆ ಸುತ್ತಿ, ಸೂಜಿಮೊನೆಯಷ್ಟು ತೂತಿನಲ್ಲಿ ಸಿಕ್ಕಿ ಅದನ್ನು ಮುಚ್ಚುತ್ತದೆ. ತೊಂದರೆಯೆಂದರೆ ತೂತು ಯಾವುದು, ದಾರಿ ಯಾವುದು ಎಂದು ಪುಡಿಗೆ ಗೊತ್ತಾಗುವುದಿಲ್ಲ. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ, ಹೀಟರ್ ಕೋರಿನಲ್ಲಿ, ಥರ್ಮೋಸ್ಟ್ಯಾಟಿನಲ್ಲಿ ಕೂಡ ಅದು ಕೂರುತ್ತದೆ. ಅಂಗಡಿಯಲ್ಲಿ ಸಿಗುವ ಲೀಕ್ ನಿಲ್ಲಿಸುವ ಡಬ್ಬಿಗಳ ಗುಣವೂ ಹೆಚ್ಚುಕಡಿಮೆ ಇದೇ. ದಾರಿಯಲ್ಲಿ ಬೇರೆ ಗತಿಯಿಲ್ಲದಾಗ ಹಾಕಿದರೆ, ಊರು ಸೇರಿದ ಮೇಲೆ ಇಡೀ ವ್ಯವಸ್ಥೆಯನ್ನು ತೊಳೆಸಿ ನಿಜವಾದ ರಿಪೇರಿ ಮಾಡಿಸಬೇಕು.

‘ನಮ್ಮಲ್ಲೇನು ಹಿಮ ಬೀಳುತ್ತಾ, ಬರೀ ನೀರೇ ಸಾಕು’ ಎನ್ನುವ ಮಾತಿನಿಂದಲೇ ಹಳೇ ಕಾರುಗಳ ಅರ್ಧ ಲೀಕುಗಳು ಹುಟ್ಟಿರುವುದು. ಕೂಲಂಟ್ ಹೆಪ್ಪುಗಟ್ಟುವುದನ್ನು ತಡೆಯುವುದಷ್ಟೇ ಅಲ್ಲ, ತುಕ್ಕನ್ನೂ ತಡೆಯುತ್ತದೆ, ಕುದಿಯುವ ಬಿಸಿಯನ್ನು ಏರಿಸುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಮನೆಯ ಗೀಸರಿನಲ್ಲಿ ಕಟ್ಟುವ ಸುಣ್ಣವನ್ನೇ ಎಂಜಿನ್ನಿನೊಳಗೂ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರಿನ ಜೊತೆ ಅರ್ಧಕ್ಕರ್ಧ ಬೆರೆಸಿದ ಕೂಲಂಟ್, ಕಾರಿನ ಕೈಪಿಡಿಯಲ್ಲಿ ಹೇಳಿದ ಬಗೆಯದು, ಹೇಳಿದ ಅವಧಿಗೆ ಬದಲಾಯಿಸಿದರೆ ಸಾಕು. ಬಣ್ಣ ನೋಡಿ ಬೇರೆ ಬೇರೆ ಬಗೆಗಳನ್ನು ಬೆರೆಸಬೇಡಿ.

ರಿಪೇರಿ ಮುಗಿದ ಮೇಲೆ ತುಂಬುವುದೂ ಒಂದು ಕೆಲಸ. ಕಾರಿನ ಮೂತಿ ಏರಿನ ಕಡೆ ಇರುವಂತೆ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಕ್ಯಾಪ್ ತೆಗೆದೇ ನಿಧಾನಕ್ಕೆ ತುಂಬಿ. ಎಂಜಿನ್ ಸ್ಟಾರ್ಟ್ ಮಾಡಿ ಹೋಸುಗಳನ್ನು ಹಿಸುಕುತ್ತಾ ಹೋದರೆ ಗಾಳಿ ಗುಳುಗುಳು ಎಂದು ಹೊರಬರುತ್ತದೆ. ಥರ್ಮೋಸ್ಟ್ಯಾಟ್ ತೆರೆದಾಗ ಮಟ್ಟ ಒಮ್ಮೆ ಇಳಿಯುತ್ತದೆ. ಮತ್ತೆ ತುಂಬಿ, ಉಕ್ಕುವ ಮುಂಚೆ ಕ್ಯಾಪ್ ಹಾಕಿ. ಕ್ಯಾಪ್ ಬಾಟಲಿನ ಮೇಲೇ ಇರುವ ಕಾರುಗಳಲ್ಲಿ, ಗಾಳಿ ಬಿಡುವ ಬೇರೆ ತಿರುಪು ಇದ್ದಲ್ಲಿ, ಕೈಪಿಡಿ ಹೇಳಿದ ಕ್ರಮವೇ ಸರಿ.

ದಾರಿಯಲ್ಲಿ ಮುಳ್ಳು ಏರಿದರೆ

ಮೊದಲು ಎಸಿ ಆಫ್ ಮಾಡಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ, ಕಿಟಕಿ ಇಳಿಸಿ. ಸೆಖೆ ಆಗುತ್ತದೆ ನಿಜ, ಆದರೆ ಎಂಜಿನ್ನಿನ ಬಿಸಿಯಲ್ಲಿ ಒಂದು ಪಾಲು ಕಾರಿನೊಳಗಿಂದ ಹೊರಹೋಗುತ್ತದೆ. ಮುಳ್ಳು ಇಳಿಯದಿದ್ದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಬಾನೆಟ್ ಎತ್ತಿ ಮುಕ್ಕಾಲು ಗಂಟೆಯಾದರೂ ಕಾಯಿರಿ. ಕೆಂಡದಂಥ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡುತ್ತದೆ. ಬಿಸಿ ತೋರಿಸುತ್ತಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೂ ಖುಷಿಪಡಬೇಡಿ. ಸೆನ್ಸರ್ ಮುಳುಗುವಷ್ಟು ಕೂಲಂಟೇ ಉಳಿದಿಲ್ಲದಿರಬಹುದು.

ಕೊನೆಯ ಮಾರುತಿ 800 ತಯಾರಾದದ್ದು 2014ರ ಜನವರಿಯಲ್ಲಿ. ಈ ವಯಸ್ಸಿನ ಕಾರಿನಲ್ಲಿ ಘಾಟಿಯ ಕಡೆ ಹೊರಡುವವರು ಎರಡು ಲೀಟರ್ ನೀರು, ಒಂದು ಬಾಟಲ್ ಕೂಲಂಟ್, ಎರಡು ಹೋಸ್ ಕ್ಲಿಪ್, ಸ್ಕ್ರೂಡ್ರೈವರ್, ತನಗೆ ತಾನೇ ಅಂಟಿಕೊಳ್ಳುವ ಸಿಲಿಕೋನ್ ಟೇಪು ಇಟ್ಟುಕೊಳ್ಳಬೇಕು. ಹೊರಡುವ ಹಿಂದಿನ ವಾರ ಚಾಮುಂಡಿ ಬೆಟ್ಟ ಹತ್ತಿಸಿ, ಮಾರನೇ ಬೆಳಿಗ್ಗೆ ಮಟ್ಟ ನೋಡಿದರೆ ನಂಜನಗೂಡು ರಸ್ತೆ ಹೇಳದ ಸತ್ಯ ಗೊತ್ತಾಗುತ್ತದೆ.

ಗ್ಯಾರೇಜಿಗೆ ಹೋದಾಗ ‘ಗಾಡಿ ಹೀಟ್ ಆಗ್ತಿದೆ, ನೋಡಿ’ ಎಂದಷ್ಟೇ ಹೇಳಿದರೆ ಮೆಕ್ಯಾನಿಕ್ ಊಹೆಯಿಂದ ಶುರು ಮಾಡಬೇಕಾಗುತ್ತದೆ; ಮೊದಲು ಥರ್ಮೋಸ್ಟ್ಯಾಟ್, ಆಮೇಲೆ ಪಂಪು, ಆಮೇಲೆ ರೇಡಿಯೇಟರು ಎಂದು ಬಿಲ್ ಬೆಳೆಯುತ್ತದೆ. ‘ರಾತ್ರಿ ನಿಂತಾಗ ಹನಿ ಇಲ್ಲ, ನಿಂತಲ್ಲಿ ಬಾಟಲ್ ಉಕ್ಕಲ್ಲ, ಐವತ್ತು ಕಿಲೋಮೀಟರ್ ಓಡಿದರೆ ಕಾಲು ಲೀಟರ್ ಹೋಗುತ್ತೆ, ಕ್ಯಾಪ್ ಹೊಸದು’ ಎಂದು ಹೇಳಿ ನೋಡಿ. ಒಳ್ಳೆಯ ಮೆಕ್ಯಾನಿಕ್ ಆಗಿದ್ದರೆ ಪಂಪು, ಥರ್ಮೋಸ್ಟ್ಯಾಟುಗಳಿಗೆ ಕೈ ಹಾಕದೆ ನೇರ ರೇಡಿಯೇಟರಿನ ಅಂಚಿಗೆ ಟಾರ್ಚ್ ಹಿಡಿಯುತ್ತಾರೆ.